ಜೋಕಾಲಿಯ ಕೊಕ್ಕೆ

ನಮ್ಮ ಮಾವನವರು ಮೇಸ್ತ್ರಿ. ಈ ಮನೆ ಕಟ್ಟಿದ್ದು ಅವರೇ. ಮನೆಗೆ ಬಂದವರೆಲ್ಲ ಆ ಮಾತನ್ನು ಬಾಗಿಲಲ್ಲೇ ಕೇಳಿಸಿಕೊಂಡು ಒಳಗೆ ಬರಬೇಕು. ನನ್ನ ಮಗಳಿಗೆ ಬಾಲ್ಕನಿಯಲ್ಲಿ ಜೋಕಾಲಿ ಕಟ್ಟಿಕೊಡುವುದಾಗಿ ಅವರು ಮಾತು ಕೊಟ್ಟಿದ್ದರು. ನಾನು ಕಾಂಕ್ರೀಟ್ ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಪರೀಕ್ಷೆ ಮಾಡದೆ ಕೊಕ್ಕೆ ಹಾಕಬೇಡಿ ಎಂದೆ. ಮುಖ ಗಂಟಿಕ್ಕಿಕೊಂಡರು.

"ನನ್ನ ಸ್ಲ್ಯಾಬಿಗೆ ಪರೀಕ್ಷೆನಾ?" ಸ್ಟೂಲು ಹತ್ತಿ ಛಾವಣಿಗೆ ಸುತ್ತಿಗೆಯಿಂದ ಒಂದೇಟು ಹಾಕಿದರು. ಠಣ್ ಎಂದಿತು. "ಕೇಳಿಸ್ತಾ?"

"ಕಾಂಕ್ರೀಟೇನೋ ಗಟ್ಟಿಯಾಗೇ ಇದೆ ಮಾವ. ಒಳಗಿನ ಕಂಬಿ ಹೇಗಿದೆ ನೋಡ್ಬೇಕು."

ಸಿಮೆಂಟಿನ ಕ್ಷಾರ ಇರುವವರೆಗೆ ಕಂಬಿಗೆ ತುಕ್ಕಿನ ಭಯವಿಲ್ಲ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ವರ್ಷಾನುಗಟ್ಟಲೆ ಸದ್ದಿಲ್ಲದೆ ಒಳಗಿಳಿದು ಆ ಕ್ಷಾರವನ್ನು ತಿಂದುಹಾಕುತ್ತದೆ. ನಮ್ಮ ಲ್ಯಾಬಿನಲ್ಲಿ ಬಳಸುವ ಒಂದು ಬಾಟಲಿ ದ್ರವ ನನ್ನ ಬಳಿ ಇತ್ತು; ಅದನ್ನು ಸಿಂಪಡಿಸಿದರೆ ಕ್ಷಾರ ಉಳಿದ ಕಡೆ ಕಡುಗುಲಾಬಿ ಬಣ್ಣ ಬರುತ್ತದೆ, ಹೋದ ಕಡೆ ಬರುವುದಿಲ್ಲ. ಪರೀಕ್ಷೆ ಅಷ್ಟೇ.

ನಾನು ಬಾಟಲಿ ತರುವಷ್ಟರಲ್ಲಿ ಮಾವ ಕೊಕ್ಕೆಗೆಂದು ಡ್ರಿಲ್ಲಿನಿಂದ ತೂತು ಕೊರೆದಾಗಿತ್ತು. ಅದಕ್ಕೇ ಸಿಂಪಡಿಸಿದೆ. ತೂತಿನ ಬಾಯಿಯಿಂದ ಒಳಗಿನವರೆಗೂ ಗುಲಾಬಿ. ಮಾವನವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹಗ್ಗ ತರಲು ಮೊಮ್ಮಗಳನ್ನು ಓಡಿಸಿದರು.

ನನಗೂ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಆದರೆ ಇಷ್ಟು ವರ್ಷ ಗಾಳಿಗೆ ಮೈಯೊಡ್ಡಿದ ಹೊರಪದರಕ್ಕೂ ಬಣ್ಣ ಬರುವುದೆಂದರೇನು? ಡ್ರಿಲ್ಲು ಆಳದ ಪುಡಿಯನ್ನು ಎಳೆದು ತಂದು ತೂತಿಗೆಲ್ಲ ಬಳಿದಿತ್ತು. ಬಣ್ಣ ಬಂದದ್ದು ಆ ಪುಡಿಗೆ.

ಪಕ್ಕದಲ್ಲಿ ಉಳಿಯಿಂದ ಒಡೆದು, ಪುಡಿಯನ್ನೆಲ್ಲ ಬ್ರಷ್ಷಿನಿಂದ ತೆಗೆದು ಸಿಂಪಡಿಸಿದೆ. ಬಣ್ಣವಿಲ್ಲ. ಕಂಬಿ ಕಾಣುವವರೆಗೂ ಒಡೆದೆ. ತುಕ್ಕು ಹಕ್ಕಳೆ ಹಕ್ಕಳೆಯಾಗಿ ಉದುರಿತು. ಗುಲಾಬಿ ಶುರುವಾದದ್ದು ಕಂಬಿಯನ್ನು ದಾಟಿದ ಮೇಲೆ.

ಮಾವ ಬಾಟಲಿ ಕಿತ್ತುಕೊಂಡು, ಸ್ಟೂಲು ಹತ್ತಿ ಅದೇ ಜಾಗಕ್ಕೆ ತಾವೇ ಸಿಂಪಡಿಸಿದರು. ಮತ್ತೆ ಸಿಂಪಡಿಸಿದರು. ದ್ರವ ಅವರ ಮೊಣಕೈಯಿಂದ ತೊಟ್ಟಿಕ್ಕಿತು.

"ನಿಮ್ಮ ಕೆಲಸ ಕೆಟ್ಟದ್ದಲ್ಲ ಮಾವ. ಅದಕ್ಕೂ ವಯಸ್ಸಾಯ್ತು" ಎಂದೆ.

ಮಗಳು ಹಗ್ಗ ಎಳೆದುಕೊಂಡು ಬಂದಳು. "ತಾತ, ಬೇಗ ಕಟ್ಟು!"

ಮಾವ ಸ್ಟೂಲಿನಿಂದಿಳಿದು ಹಗ್ಗ ಇಸಿದುಕೊಂಡರು. ಬಾಲ್ಕನಿಯ ಛಾವಣಿ ನೋಡಿದರು. ಬಾಗಿಲಾಚೆ, ನಾವೆಲ್ಲ ಮಲಗುವ ಕೋಣೆಯ ಛಾವಣಿ ನೋಡಿದರು. ಎರಡಕ್ಕೂ ಅವರು ಕಾಂಕ್ರೀಟ್ ಹಾಕಿದ್ದು ಒಂದೇ ದಿನ.

"ಮಗೂನ ಪಕ್ಕದ ಮನೇಲಿ ಬಿಟ್ಟು ಬಾರಮ್ಮ" ಎಂದರು. "ಆಮೇಲೆ ಒಳಗಿನ ಛಾವಣೀನೂ ಒಡೆದು ನೋಡೋಣ."