ಒಳ್ಳೆಯ ರೇಟು

ಪ್ರವಾಸದ ಹಡಗು ಆ ವಿದೇಶಿ ಬಂದರಿನಲ್ಲಿ ಮಧ್ಯಾಹ್ನದವರೆಗೆ ಮಾತ್ರ ನಿಲ್ಲುವುದಿತ್ತು. ಅಲ್ಲಿನ ಲೈಟ್‌ಹೌಸ್ ಹತ್ತಲೆಂದೇ ಹೆಂಡತಿ ಹೊಸ ಬೂಟು ಕೊಂಡಿದ್ದಳು. ಗಂಡ ಬ್ಯಾಂಕಿನ ಕ್ಯಾಷಿಯರ್. ನಿವೃತ್ತನಾದರೂ ಬುದ್ಧಿ ಇನ್ನೂ ಕೌಂಟರಿನಿಂದ ಎದ್ದಿರಲಿಲ್ಲ. ನೋಟು ಬದಲಾಯಿಸುವ ಯಾವ ಅಂಗಡಿಯ ರೇಟೂ ಅವನಿಗೆ ಹಿಡಿಸಲಿಲ್ಲ.

"ಹಗಲು ದರೋಡೆ! ಇನ್ನೊಂದು ಅಂಗಡಿ ನೋಡ್ಕೊಂಡು ಬರ್ತೀನಿ, ಇಲ್ಲೇ ಕೂತಿರು."

ಬೆಂಚಿನ ಮೇಲೆ ಕೂತವಳ ಬಳಿಗೆ ಅವನು ಒಳ್ಳೆಯ ರೇಟಿಗೆ ನೋಟು ಬದಲಾಯಿಸಿಕೊಂಡು ಗೆದ್ದವನಂತೆ ಮರಳುವಷ್ಟರಲ್ಲಿ ಹಡಗು ಕೂಗಿತು. ಇಬ್ಬರೂ ಎದ್ದೆನೋ ಬಿದ್ದೆನೋ ಎಂದು ಓಡಿ ಹತ್ತಿದರು.

ಡೆಕ್ಕಿನಿಂದ ಲೈಟ್‌ಹೌಸ್ ಕಿರುಬೆರಳಿನಷ್ಟೇ ಕಂಡಿತು. ಅದನ್ನೇ ನೋಡುತ್ತಿದ್ದ ಅವಳ ಮುಖ ಕಂಡು ಅವನ ಜಂಬ ಇಳಿಯಿತು.

"ನಾಳೆ ಇನ್ನೊಂದು ಊರಿದೆಯಲ್ಲೇ," ಎಂದ ಮೆಲ್ಲಗೆ.

"ಈ ದುಡ್ಡು ಅಲ್ಲಿ ನಡೆಯುತ್ತಾ?"

"ಇಲ್ಲ... ಬದಲಾಯಿಸ್ಬೇಕು."

"ಹಾಗಾದ್ರೆ ನೀವೇ ಹೋಗ್ಬನ್ನಿ," ಎಂದು ಅವಳು ಬಗ್ಗಿ ಬೂಟಿನ ಲೇಸು ಬಿಚ್ಚಿದಳು.