ಅವನ ಹಿಡಿಕೆ ಮುಟ್ಟಬೇಡ

ಮೇ ತಿಂಗಳಲ್ಲಿ ರೀಟಾ ಕೋವಾಲ್ ಸೋತಳು. ಎದುರು ಪಕ್ಷದವರ ಕೈಲಿ ಸೋತಿದ್ದರೆ ನಾಲ್ಕು ದಿನ ಬೈದು ಸುಮ್ಮನಾಗಬಹುದಿತ್ತು. ಅವಳು ಸೋತದ್ದು ನಮ್ಮವರ ಕೈಲೇ. ನವೆಂಬರಿನಲ್ಲಿ ರಾಜ್ಯದ ಶಾಸನಸಭೆಗೆ ಪಕ್ಷದ ಪರವಾಗಿ ಯಾರು ನಿಲ್ಲಬೇಕೆಂದು ಪಕ್ಷದವರೇ ಮತ ಹಾಕಿ ಆರಿಸುವ ಒಳಚುನಾವಣೆಯಲ್ಲಿ, ಮುನ್ನೂರು ಚಿಲ್ಲರೆ ಮತಗಳಿಂದ. ಗೆದ್ದವನು ಗಾರ್ಡನ್ ಪ್ರಿಚರ್ಡ್. ಆ ಹೆಸರೆತ್ತಿದರೆ ಏಳನೇ ನಂಬರಿನಲ್ಲಿ ಜನ ನೆಲಕ್ಕೆ ಉಗಿಯುತ್ತಿದ್ದರು.

ಏಳನೇ ನಂಬರು ಎನ್ನುವುದು ಊರಿನ ಹೆಸರೇ. ಪೆನ್ಸಿಲ್ವೇನಿಯಾದ ಆ ಕಣಿವೆಯಲ್ಲಿ ಕಲ್ಲಿದ್ದಲು ಕಂಪನಿ ಗಣಿಗೆ ಕೊಟ್ಟ ನಂಬರು ಊರಿಗೂ ಅಂಟಿಕೊಂಡಿತು. ಗಣಿ ಮುಚ್ಚಿ ಹೋಯಿತು, ನಂಬರು ಹೋಗಲಿಲ್ಲ. ಅಲ್ಲಿ ಪಕ್ಷದ ಕೆಲಸವೆಲ್ಲ ಓಲ್ಗಾ ಸ್ಟೆಫಾಂಕೊ ಎಂಬವಳದು. ಇಪ್ಪತ್ತಾರು ವರ್ಷದಿಂದ ಚುನಾವಣೆ ದಿನ ಮತಗಟ್ಟೆಯ ಹೊರಗೆ ನಿಂತು, ಬಂದವರ ಕೈಗೆ ಪಕ್ಷದ ಚೀಟಿ ತುರುಕಿ, "ದೊಡ್ಡ ಹಿಡಿಕೆ ಎಳೀರಿ, ಮನೆಗೆ ಹೋಗಿ" ಎನ್ನುವವಳು. ಜನ ಹಾಗೇ ಮಾಡುತ್ತಿದ್ದರು. ಪಾದ್ರಿಯ ಮಾತಿಗಾದರೂ ಎದುರಾಡಿಯಾರು, ಓಲ್ಗಾಳ ಮಾತಿಗಿಲ್ಲ.

ಆ ಕಾಲದಲ್ಲಿ ಮತ ಹಾಕುತ್ತಿದ್ದುದು ಕಬ್ಬಿಣದ ಯಂತ್ರದಲ್ಲಿ. ಪರದೆ ಎಳೆದುಕೊಂಡು ನಿಂತರೆ ಎದುರಿಗೆ ಸಾಲು ಸಾಲು ಚಿಕ್ಕ ಹಿಡಿಕೆಗಳು, ಗವರ್ನರಿನಿಂದ ಜಡ್ಜಿನವರೆಗೆ ಚುನಾವಣೆಗೆ ನಿಂತ ಒಂದೊಂದು ಹೆಸರಿಗೆ ಒಂದೊಂದು. ಸಾಲಿನ ತುದಿಯಲ್ಲಿ ಪಕ್ಷದ ದೊಡ್ಡ ಹಿಡಿಕೆ. ಅದೊಂದನ್ನು ಎಳೆದರೆ ಆ ಪಕ್ಷದ ಚಿಕ್ಕ ಹಿಡಿಕೆಗಳೆಲ್ಲ ಟಪಟಪನೆ ಒಟ್ಟಿಗೆ ಕೆಳಗೆ ಬೀಳುತ್ತವೆ, ಎಲ್ಲರಿಗೂ ಮತ ಬಿದ್ದ ಹಾಗೆ. ನಡುವೆ ಯಾವನೋ ಒಬ್ಬ ಬೇಡ ಎನಿಸಿದರೆ ಅವನ ಹಿಡಿಕೆಯನ್ನು ಬೆರಳಿಂದ ಮೇಲಕ್ಕೆ ಎತ್ತಿಬಿಡಬೇಕು. ಈ ಎತ್ತುವ ಸಂಗತಿ ಏಳನೇ ನಂಬರಿನಲ್ಲಿ ಓಲ್ಗಾಳಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಹೇಳಿಕೊಡುವ ಪ್ರಸಂಗವೇ ಬಂದಿರಲಿಲ್ಲ.

ಪ್ರಿಚರ್ಡ್ ಹಿಂದೆ ಗಣಿಯಲ್ಲಿ ಮೇಲ್ವಿಚಾರಕನಾಗಿದ್ದವನು. ಬೆಳಗಿನ ಪಾಳಿಗೆ ಮುಂಚೆ ಸುರಂಗದೊಳಗೆ ಹೋಗಿ ಛಾವಣಿ ನೋಡಿ ಸಹಿ ಹಾಕುವುದು ಅವನ ಕೆಲಸ. ಒಂದು ಮಾರ್ಚ್ ಬೆಳಿಗ್ಗೆ ಒಳಗೆ ಕಾಲೇ ಇಡದೆ "ಛಾವಣಿ ಗಟ್ಟಿಯಿದೆ" ಎಂದು ಸಹಿ ಹಾಕಿದ. ಹತ್ತು ಗಂಟೆಗೆ ಛಾವಣಿ ಕುಸಿಯಿತು. ನಾಲ್ವರು ಸತ್ತರು. ಅವರಲ್ಲೊಬ್ಬ ಪಾವ್ಲೊ, ಓಲ್ಗಾಳ ಪಕ್ಕದ ಮನೆಯ ಜುಸ್ಕಾ ದೊಡ್ಡಮ್ಮನ ಒಬ್ಬನೇ ಮಗ. ವಿಚಾರಣೆ ನಡೆಯಿತು, ತಪ್ಪು ಸಾಬೀತಾಗಲಿಲ್ಲ. ಸಾಬೀತು ಮಾಡಬೇಕಾದವರು ಕಲ್ಲಿನಡಿ ಇದ್ದರಲ್ಲ! ಪ್ರಿಚರ್ಡ್ ಗಣಿ ಬಿಟ್ಟು ಮನೆ ಮಾರಾಟದ ವ್ಯಾಪಾರ ಹಿಡಿದು, ದುಂಡಗಾಗಿ, ಈಗ ನಾಯಕನಾಗಿ ಬಂದು ನಿಂತಿದ್ದ.

ಜೂನಿನಲ್ಲಿ ಅಗ್ನಿಶಾಮಕ ದಳದ ಸಭಾಂಗಣದಲ್ಲಿ ಪಕ್ಷದ ಒಗ್ಗಟ್ಟಿನ ಊಟ. ಸೋತವರು ಗೆದ್ದವರ ಪಕ್ಕ ನಿಂತು ಕೈ ಹಿಡಿದು ಎತ್ತುವುದು, ಎಲ್ಲರೂ ಚಪ್ಪಾಳೆ ತಟ್ಟುವುದು, ಆಮೇಲೆ ಎಲೆಕೋಸು ಹಾಕಿದ ಶ್ಯಾವಿಗೆ ತಿನ್ನುವುದು. ರೀಟಾ ವೇದಿಕೆ ಹತ್ತಿ ಪ್ರಿಚರ್ಡ್‌ನ ಕೈ ಎತ್ತಿದಳು. ನಗುತ್ತಲೇ ಎತ್ತಿದಳು, ಪಾಪ. ಓಲ್ಗಾ ತಟ್ಟೆ ನೋಡುತ್ತ ಕೂತಿದ್ದಳು.

ಪಕ್ಷದ ಜಿಲ್ಲಾ ಅಧ್ಯಕ್ಷ ಡಾನಹ್ಯೂ ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದ. "ಏನಮ್ಮಾ ಓಲ್ಗಾ, ಚಪ್ಪಾಳೆ ತಟ್ಟಿದ್ರೆ ಕೈ ಸವೆದು ಹೋಗತ್ತಾ?"

"ನನ್ನ ಕೈ, ನನ್ನಿಷ್ಟ."

"ರೀಟಾನೇ ನುಂಗಿಕೊಂಡಳಲ್ಲೇ. ನಿಂದೇನು ಹೆಚ್ಚಿಂದು?"

"ರೀಟಾ ಇರೋದು ಪಟ್ಟಣದಲ್ಲಿ. ನಾನು ಬೆಳಿಗ್ಗೆ ಬಾಗಿಲು ತೆಗೆದ್ರೆ ಪಾವ್ಲೊ ತಾಯಿ ಮುಖ ನೋಡಬೇಕು."

ಡಾನಹ್ಯೂ ಅವಳ ತಟ್ಟೆಗೆ ಇನ್ನಷ್ಟು ಶ್ಯಾವಿಗೆ ಬಡಿಸಿದ. ಆಮೇಲೆ, "ಆಂಡ್ರಿ ಹೇಗಿದಾನೆ?" ಎಂದ.

ಅಯ್ಯೋ, ಎಂಥ ಜಾಣ! ಆಂಡ್ರಿ ಓಲ್ಗಾಳ ಗಂಡ. ಮೂವತ್ತು ವರ್ಷ ಕಲ್ಲಿದ್ದಲ ದೂಳು ನುಂಗಿ ಎದೆಯೊಳಗೆ ಗಾಳಿಗೇ ಜಾಗವಿಲ್ಲದಂತಾಗಿ, ಗುಡ್ಡದ ಮೇಲಿನ ಸರ್ಕಾರಿ ಆರೈಕೆ ಮನೆಯಲ್ಲಿ ಆಮ್ಲಜನಕದ ನಳಿಗೆ ಹಾಕಿಕೊಂಡು ಮಲಗಿದ್ದ. ಎದುರು ಪಕ್ಷದವನು ಆ ಆರೈಕೆ ಮನೆಯನ್ನೇ ಮಾರುತ್ತೇನೆಂದು ಊರೂರು ಸಾರಿಕೊಂಡು ಬರುತ್ತಿದ್ದ. ಶಾಸನಸಭೆಯಲ್ಲಿ ಎರಡೂ ಕಡೆ ತಕ್ಕಡಿ ಸಮ. ಈ ಒಂದು ಸೀಟು ಯಾರ ಕಡೆಗೋ ಆರೈಕೆ ಮನೆ ಅವರ ಕೈಗೆ.

"ಪ್ರಿಚರ್ಡ್ ಮಾರೋದಿಲ್ಲ ಅಂತ ಬರೆದು ಸಹಿ ಹಾಕಿ ಕೊಟ್ಟಿದಾನೆ," ಎಂದ ಡಾನಹ್ಯೂ.

"ಅವನ ಸಹಿ ಎಂಥದ್ದು ಅಂತ ನಾವು ನೋಡಿದೀವಿ ಬಿಡು."

"ಹಾಗಾದ್ರೆ ಆಂಡ್ರಿನ ಎಲ್ಲಿಗೆ ಕರ್ಕೊಂಡು ಹೋಗ್ತೀಯ, ಹೇಳು. ನಿನ್ನ ಅಡುಗೆಮನೆಗಾ?"

ಓಲ್ಗಾಳ ಬಾಯಲ್ಲಿ ಬಿಸಿ ತುಪ್ಪವಿತ್ತು. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಕೊನೆಗೆ ನುಂಗಿದಳು.

ಬೇಸಿಗೆಯೆಲ್ಲ ಮನೆ ಮನೆ ತಿರುಗಿದಳು. ಅವನು ಒಳ್ಳೆಯವನು ಎಂದು ಒಮ್ಮೆಯೂ ಹೇಳಲಿಲ್ಲ. "ಮೂಗು ಮುಚ್ಕೊಂಡು ಎಳೀರಿ," ಎಂದಳು. "ನಿಮ್ಮಪ್ಪ ಗುಡ್ಡದ ಮೇಲಿದಾನೆ, ನೆನಪಿರಲಿ." ಕೆಲವರು ಬೈದರು. ಒಬ್ಬ ಬಾಗಿಲನ್ನು ಮುಖಕ್ಕೆ ಬಡಿದ. ಆದರೆ ಏಳನೇ ನಂಬರಿನಲ್ಲಿ ಗುಡ್ಡದ ಮೇಲೆ ತಮ್ಮವರಿಲ್ಲದ ಮನೆ ಯಾವುದಿತ್ತು? ಒಬ್ಬೊಬ್ಬರಾಗಿ ತಲೆ ಆಡಿಸಿದರು.

ಜುಸ್ಕಾ ದೊಡ್ಡಮ್ಮನ ಮನೆಗೆ ಮಾತ್ರ ಹೋಗಿರಲಿಲ್ಲ. ನಡುವೆ ಇದ್ದುದು ಒಂದು ಬೇಲಿ, ಅದನ್ನು ದಾಟುವುದಾಗಲಿಲ್ಲ. ಅಕ್ಟೋಬರ್ ಕೊನೆಗೆ ಮುದುಕಿಯೇ ಕರೆದಳು, ಚರ್ಚಿನ ಮಾರಾಟಕ್ಕೆ ಪಿರೋಗಿ ಮಾಡಬೇಕು ಬಾ ಎಂದು. ಇಬ್ಬರೂ ಮೇಜಿನ ಎದುರುಬದುರು ಕೂತು ಹಿಟ್ಟಿನ ಬಿಲ್ಲೆಯೊಳಗೆ ಆಲೂಗೆಡ್ಡೆ ತುಂಬಿ ಅಂಚು ಒತ್ತುತ್ತಿದ್ದರು. ಮುದುಕಿಗೆ ಎಪ್ಪತ್ತೊಂಬತ್ತು. ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಬೆರಳು ಮಾತ್ರ ಚುರುಕು.

"ನೀನು ಎಲ್ಲರ ಮನೆಗೂ ಹೋದೆಯಂತೆ. ನಮ್ಮನೆಗೆ ಬರಲಿಲ್ಲ."

"ಏನಂತ ಬರಲಿ ದೊಡ್ಡಮ್ಮಾ?"

"ಬಂದಿದ್ರೆ ಪೊರಕೆ ತಗೊಳ್ತಿದ್ದೆ." ಮುದುಕಿ ನಕ್ಕಳು. ಆಮೇಲೆ ನಗು ನಿಂತಿತು. "ನೋಡು ಮಗಳೇ, ನಂಗೂ ಗೊತ್ತು. ನಾನು ಹುಟ್ಟಾ ಪಕ್ಷದವಳು. ನನ್ನ ಗಂಡ ಯೂನಿಯನ್‌ಗೋಸ್ಕರ ತಲೆ ಒಡೆಸ್ಕೊಂಡವನು. ಗವರ್ನರಿಗೆ ಹಾಕ್ತೀನಿ, ಜಡ್ಜಿಗೆ ಹಾಕ್ತೀನಿ, ಎಲ್ಲರಿಗೂ ಹಾಕ್ತೀನಿ. ಅವನೊಬ್ಬನಿಗೆ ಹಾಕಲ್ಲ. ಸತ್ತ ಮೇಲೆ ಪಾವ್ಲೊಗೆ ಮುಖ ತೋರಿಸಬೇಕಲ್ಲ ನಾನು? ಹೇಗೆ ಮಾಡ್ಲಿ, ನೀನೇ ಹೇಳಿಕೊಡು. ನಂಗೆ ಆ ಅಕ್ಷರ ಒಂದೂ ಕಾಣಲ್ಲ."

ಹೇಳಿಕೊಡುವುದು ಎಷ್ಟೊತ್ತಿನ ಕೆಲಸ? ದೊಡ್ಡದನ್ನು ಎಳಿ, ಆಮೇಲೆ ಬೆರಳಲ್ಲಿ ಎಣಿಸಿ ನಾಲ್ಕನೆಯದನ್ನು, ಪ್ರಿಚರ್ಡ್‌ನದನ್ನು, ಮೇಲೆತ್ತು. ಮಾತು ಓಲ್ಗಾಳ ನಾಲಿಗೆ ತುದಿಗೆ ಬಂದಿತ್ತು. ಆದರೆ ಜುಸ್ಕಾಳಿಗೆ ಹೇಳಿದರೆ ಭಾನುವಾರದೊಳಗೆ ಚರ್ಚಿನ ಹೆಂಗಸರಿಗೆಲ್ಲ ಗೊತ್ತಾಗುತ್ತದೆ. ಮುಖ ಸಿಂಡರಿಸಿಕೊಂಡು ಒಪ್ಪಿದ್ದವರೆಲ್ಲ ಒಬ್ಬೊಬ್ಬರಾಗಿ ಎತ್ತುತ್ತಾರೆ. ಆಂಡ್ರಿಯ ಮಂಚ, ಆಂಡ್ರಿಯ ನಳಿಗೆ ಕಣ್ಣ ಮುಂದೆ ಬಂದವು.

"ಯಾವಾಗಿನ ಹಾಗೇ ಮಾಡು ದೊಡ್ಡಮ್ಮಾ," ಎಂದಳು. "ದೊಡ್ಡ ಹಿಡಿಕೆ ಎಳಿ. ಅವನ ಹಿಡಿಕೆ ಮುಟ್ಟಬೇಡ."

"ಮುಟ್ಟಬಾರದು, ಅಷ್ಟೇನಾ?"

"ಅಷ್ಟೇ."

ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅದೇ ಅದರ ಪಾಪ. ಮುದುಕಿ ಹಿಟ್ಟಿನ ಕೈಯಲ್ಲೇ ಓಲ್ಗಾಳ ಕೆನ್ನೆ ಸವರಿ, "ಥೂ, ಅವನ ಹಿಡಿಕೆ ಯಾರು ಮುಟ್ತಾರೆ!" ಎಂದಳು. ಓಲ್ಗಾ ಆ ಮಧ್ಯಾಹ್ನ ಇನ್ನೂರು ಪಿರೋಗಿ ಒತ್ತಿದಳು, ತಲೆ ಎತ್ತಲಿಲ್ಲ.

ಚುನಾವಣೆಯ ದಿನ ಜುಸ್ಕಾ ಕರಿ ಕೋಟು ಹಾಕಿಕೊಂಡು, ತಲೆಗೆ ವಸ್ತ್ರ ಕಟ್ಟಿಕೊಂಡು ಬಂದಳು. ಓಲ್ಗಾ ಚೀಟಿ ಕೊಟ್ಟಳು. ಮುದುಕಿ ಒಳಗೆ ಹೋದಳು, ಪರದೆ ಸರಿಯಿತು, ಹಿಡಿಕೆಗಳು ಬಿದ್ದ ಸದ್ದು ಹೊರಗಿನ ಮೆಟ್ಟಿಲವರೆಗೂ ಕೇಳಿಸಿತು. ಹೊರಬಂದವಳ ಮುಖ ಹಗುರವಾಗಿತ್ತು. "ಮುಟ್ಟಲಿಲ್ಲ ಕಣೇ," ಎಂದು ಓಲ್ಗಾಳ ಕಿವಿಯಲ್ಲಿ ಉಸುರಿದಳು. "ಕೈ ಹಿಂದೆ ಕಟ್ಕೊಂಡು ನಿಂತುಬಿಟ್ಟೆ."

ಓಲ್ಗಾ ತಾನು ಮತ ಹಾಕಿದ್ದು ಎಲ್ಲರಿಗಿಂತ ಕೊನೆಗೆ. ದೊಡ್ಡದನ್ನು ಎಳೆದಳು. ಎಲ್ಲ ಹಿಡಿಕೆ ಬಿದ್ದವು. ನಾಲ್ಕನೆಯದರ ಕೆಳಗೆ ಬೆರಳು ಇಟ್ಟು ಬಹಳ ಹೊತ್ತು ನಿಂತಳು. ಊರನ್ನೆಲ್ಲ ಒಪ್ಪಿಸಿಯಾಗಿದೆ, ಆ ಮುದುಕಿಗೆ ಮೋಸ ಮಾಡಿಯಾಗಿದೆ, ಇನ್ನು ನನ್ನದೊಂದರಿಂದ ಯಾರ ಗಂಟು ಹೋಗುತ್ತದೆ, ಇದೊಂದಾದರೂ ಪಾವ್ಲೊಗೆ ಇರಲಿ ಎಂದುಕೊಂಡು ಮೇಲಕ್ಕೆ ಎತ್ತಿದಳು. ಎದೆಯ ಭಾರ ಒಂದು ಚೂರು ಇಳಿದಂತಾಯಿತು. ಇಂಥ ಅಗ್ಗದ ಪ್ರಾಯಶ್ಚಿತ್ತ ಯಾರಿಗೆ ಬೇಡ?

ಪ್ರಿಚರ್ಡ್ ಗೆದ್ದ. ಇಡೀ ಕ್ಷೇತ್ರದಲ್ಲಿ ಅರವತ್ತೆಂಟು ಮತದ ಅಂತರ. ಡಾನಹ್ಯೂ ಬೆಳಿಗ್ಗೆಯೇ ಫೋನ್ ಮಾಡಿ, "ನಿಮ್ಮ ಏಳನೇ ನಂಬರು ಉಳಿಸ್ತು ಕಣಮ್ಮಾ, ನಿನ್ನ ಋಣ ತೀರಿಸೋಕಾಗಲ್ಲ," ಎಂದ. ಆರೈಕೆ ಮನೆ ಮಾರಾಟವಾಗಲಿಲ್ಲ. ಸುಳ್ಳು ಯಾಕೆ ಹೇಳಬೇಕು, ಆ ಸಹಿಯನ್ನು ಅವನು ಉಳಿಸಿಕೊಂಡ.

ಆ ಭಾನುವಾರ ಪೂಜೆ ಮುಗಿದ ಮೇಲೆ ಓಲ್ಗಾ ಚರ್ಚಿನ ಮೆಟ್ಟಿಲು ಇಳಿಯುತ್ತಿದ್ದಾಗ ಜುಸ್ಕಾ ಎದುರು ಬಂದು ಕೈ ಹಿಡಿದಳು. ಕೈ ತಣ್ಣಗಿತ್ತು, ಸ್ಮಶಾನದಿಂದ ಬಂದಿದ್ದಳು, ಮೊಳಕಾಲ ಬಳಿ ಕೋಟಿಗೆ ಮಣ್ಣು ಮೆತ್ತಿತ್ತು.

"ಮತಗಟ್ಟೆ ಬಾಗಿಲಿಗೆ ಲೆಕ್ಕ ಅಂಟಿಸಿದಾರಲ್ಲ, ಪಾದ್ರಿ ಹತ್ರ ಓದಿಸ್ದೆ," ಎಂದಳು. "ನಮ್ಮ ಪಕ್ಷದ ಗವರ್ನರಿಗೆ ನೂರ ನಲವತ್ತಮೂರು. ಜಡ್ಜಿಗೆ ನೂರ ನಲವತ್ತಮೂರು. ಅವನಿಗೆ ಎಷ್ಟು ಗೊತ್ತಾ? ನೂರ ನಲವತ್ತೆರಡು! ಇಡೀ ಊರಲ್ಲಿ ಒಂದೇ ಒಂದು ಕಡಿಮೆ. ಅದು ನಂದು ಓಲ್ಗಾ. ನಂದೇ."

ಓಲ್ಗಾ ಬಗ್ಗಿ ಇನ್ನೊಂದು ಕೈಯಿಂದ ಅವಳ ಕೋಟಿನ ಮಣ್ಣು ಒರೆಸಿದಳು.

"ನೀನು ಹೇಳಿಕೊಡದೆ ಇದ್ದಿದ್ರೆ ನಂಗೆ ಎಲ್ಲಿ ತಿಳೀತಿತ್ತು? ಈಗಷ್ಟೇ ಹೋಗಿ ಪಾವ್ಲೊಗೆ ಹೇಳಿ ಬಂದೆ. ನೂರ ನಲವತ್ತೆರಡು ಜನ ಹಾಕಿದ್ರು ಕಣಪ್ಪಾ, ನಿಮ್ಮಮ್ಮ ಹಾಕಲಿಲ್ಲ ಅಂದೆ." ಮುದುಕಿ ದನಿ ಇಳಿಸಿದಳು, ಹಿಡಿದ ಕೈಯನ್ನು ಮೆಲ್ಲಗೆ ತಟ್ಟಿದಳು. "ನಿಂದೂ ಅವನಿಗೇ ಹೋಯ್ತು ಅಂತ ನಂಗೆ ಗೊತ್ತಾಯ್ತು. ಒಂದೇ ತಾನೆ ಕಡಿಮೆ ಇದ್ದಿದ್ದು? ನಂಗೆ ಸಿಟ್ಟಿಲ್ಲ ಮಗಳೇ. ನಿಂಗೆ ಆಂಡ್ರಿ ಇದಾನೆ, ನೀನು ಇನ್ನೇನು ಮಾಡೋಕಾಗ್ತಿತ್ತು? ಪಾವ್ಲೊಗೂ ಹೇಳಿದೀನಿ, ಓಲ್ಗಾನ ಕ್ಷಮಿಸಿಬಿಡು ಅಂತ."

ಜನ ಪಕ್ಕದಲ್ಲಿ ಇಳಿದು ಹೋಗುತ್ತಿದ್ದರು. ಆ ಒಂದು ನನ್ನದು ಎನ್ನಬೇಕೆನಿಸಿತು ಓಲ್ಗಾಳಿಗೆ. ಹಾಗಂದುಬಿಟ್ಟರೆ ಮುದುಕಿಯ ಮತ ಎಲ್ಲಿಗೆ ಹೋಯಿತೆಂದೂ ಹೇಳಬೇಕು.

"ಹೌದು ದೊಡ್ಡಮ್ಮಾ," ಎಂದಳು, "ಅದು ನಿಂದೇ."