ತಬ್ಬಲಿ ಮರಿಯ ಅಂಗಿ

ಅಮ್ಮ ಹೋದ ಮೇಲೆ ಅಪ್ಪ ನನ್ನನ್ನು ಹಳ್ಳಿಯಲ್ಲಿದ್ದ ದೊಡ್ಡಮ್ಮನ ಮನೆಗೆ ತಂದು ಬಿಟ್ಟರು. "ಸ್ವಲ್ಪ ದಿನ ಅಷ್ಟೇ ಕಂದಾ," ಅಂದರು. ದೊಡ್ಡವರ ಸ್ವಲ್ಪ ದಿನ ಎಷ್ಟು ಉದ್ದ ಇರುತ್ತದೆ ಅಂತ ಒಂಬತ್ತು ವರ್ಷದವಳಿಗೂ ಗೊತ್ತಾಗುತ್ತದೆ. ನಾನು ಮೊದಲೇ ಮುಖೇಡಿ ಅನ್ನಿಸಿಕೊಂಡವಳು. ಅಮ್ಮನನ್ನು ಎತ್ತಿಕೊಂಡು ಹೋದ ದಿನದಿಂದ ಬಾಯಿಗೆ ಬೀಗವೇ ಬಿದ್ದಿತ್ತು.

ದೊಡ್ಡಪ್ಪ ಕುರಿ ಸಾಕುತ್ತಿದ್ದರು. "ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ. ನಮ್ಮನೆಗೆ ಬಂಗಾರದ ಗಣೀನೇ ಬಂತು ನೋಡೇ," ಎಂದು ದೊಡ್ಡಮ್ಮನನ್ನು ನಗಿಸಲು ನೋಡಿದರು. ದೊಡ್ಡಮ್ಮ ನಗಲಿಲ್ಲ. ಅವರ ಒಬ್ಬಳೇ ಮಗಳು, ನನಗಿಂತ ಸ್ವಲ್ಪ ದೊಡ್ಡವಳು, ಹಿಂದಿನ ವರ್ಷ ಜ್ವರ ಬಂದು ತೀರಿಕೊಂಡಿದ್ದಳು. ಬೆಳಗಿನ ಚಳಿಗೆ ನಾನು ನಡುಗುವುದನ್ನು ಕಂಡು ದೊಡ್ಡಮ್ಮ ಟ್ರಂಕಿನಿಂದ ಆ ಅಕ್ಕನ ಕೆಂಪು ಸ್ವೆಟರ್ ತೆಗೆದು ನನಗೆ ತೊಡಿಸಿದಳು. ಗುಂಡಿ ಹಾಕುವಾಗ ಗೋಡೆ ಕಡೆ ನೋಡುತ್ತಿದ್ದಳು.

ಅದನ್ನು ಹಾಕಿಕೊಂಡು ಅಂಗಳಕ್ಕೆ ಬಂದಿದ್ದೇ ತಡ, ಪಕ್ಕದ ಮನೆಯ ಹುಡುಗಿ ಬೇಲಿ ನುಸುಳಿ ಬಂದು ನನ್ನ ಕೈ ಹಿಡಿದುಕೊಂಡಳು. ಊರೆಲ್ಲ ಅವಳನ್ನು ಚಿನಕುರುಳಿ ಅಂತ ಕರೆಯುತ್ತಿತ್ತು. ಕಿಡಿ ತಾಗದೆಯೂ ಸಿಡಿಯುವ ಬಾಯಿ ಅವಳದು.

"ಬಾ, ಕುರಿಮರಿ ತೋರಿಸ್ತೀನಿ," ಅಂದಳು. ನನ್ನ ಹೆಸರು ಕೂಡ ಕೇಳಲಿಲ್ಲ.

ಆಮೇಲೆ ದಿನವೂ ಬಂದಳು. ಅವಳು ಮಾತಾಡುತ್ತಿದ್ದಳು, ನಾನು ಕೇಳುತ್ತಿದ್ದೆ. ಬೇರೆಯವರ ಹಾಗೆ "ಅಯ್ಯೋ ಪಾಪ, ತಾಯಿ ಇಲ್ಲದ ಮಗು" ಅಂತ ತಲೆ ಸವರಲಿಲ್ಲ. ಅಂಥ ತಲೆ ಸವರುವ ಕೈಗಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಬೆಳಗ್ಗೆ ಏಳುವುದಕ್ಕೆ ನನಗಿದ್ದ ಕಾರಣ ಅವಳೊಬ್ಬಳೇ. ಅವಳೂ ಬಿಟ್ಟು ಹೋದರೆ ಏನು ಮಾಡಲಿ ಎಂಬ ಹೆದರಿಕೆಯೂ ಜೊತೆಗೇ ಏಳುತ್ತಿತ್ತು.

ಒಂದು ದಿನ ದೊಡ್ಡಿಯಲ್ಲಿ ಒಂದು ಕುರಿಯ ಮರಿ ಸತ್ತೇ ಹುಟ್ಟಿತು. ಇನ್ನೊಂದು ಕುರಿ ಮರಿ ಹಾಕಿ ತಾನೇ ಸತ್ತಿತು. ದೊಡ್ಡಪ್ಪ ತಬ್ಬಲಿ ಮರಿಯನ್ನು ಬದುಕಿದ್ದ ತಾಯಿಯ ಕೆಚ್ಚಲಿಗೆ ಬಿಟ್ಟರೆ ಅದು ಮೂಸಿ ನೋಡಿ ಹಾಯ್ದು ಬೀಳಿಸಿತು.

"ಹೆತ್ತವರಿಗೆ ಹೆಗ್ಗಣ ಮುದ್ದು. ಬೇರೆಯವರು ಹೆತ್ತಿದ್ದು ಚಿನ್ನ ಆದ್ರೂ ಇದಕ್ಕೆ ಬೇಡ," ಎಂದು ಗೊಣಗಿ ದೊಡ್ಡಪ್ಪ ಸತ್ತ ಮರಿಯ ಚರ್ಮ ಸುಲಿದರು. ಕಾಲು ತೂರುವಂತೆ ಆ ಚರ್ಮಕ್ಕೆ ತೂತು ಮಾಡಿ ಅದನ್ನು ತಬ್ಬಲಿಗೆ ಅಂಗಿಯ ಹಾಗೆ ತೊಡಿಸಿದರು. ಕುರಿ ಮತ್ತೆ ಮೂಸಿತು. ಈ ಸಲ ಸುಮ್ಮನೆ ನಿಂತು ಹಾಲು ಕೊಟ್ಟಿತು.

"ನಾಲ್ಕೈದು ದಿನ ಬಿಟ್ಟು ಚರ್ಮ ತೆಗೀತೀನಿ," ಅಂದರು ದೊಡ್ಡಪ್ಪ. "ಅಷ್ಟರಲ್ಲಿ ಇದರ ಹಾಲು ಕುಡಿದೂ ಕುಡಿದೂ ಮರೀಗೆ ಇದರದ್ದೇ ವಾಸನೆ ಬಂದಿರುತ್ತೆ. ಆಮೇಲೆ ಒದೆಯಲ್ಲ."

ಚಿನಕುರುಳಿ ನನ್ನ ತೋಳಿಗೆ ಕೆನ್ನೆ ಒತ್ತಿಕೊಂಡು ನಿಂತಿದ್ದಳು. ಸ್ವೆಟರ್ ತೋಳನ್ನು ಮೂಗಿಗೆ ಹಿಡಿದು, "ಇದರಲ್ಲೂ ಇನ್ನೂ ಅವಳ ವಾಸನೇನೇ ಇದೆ," ಅಂದಳು.

ಇಷ್ಟು ದಿನ ಅವಳು ಹಿಡಿದು ತಿರುಗಿದ್ದು ನನ್ನ ಕೈಯನ್ನಲ್ಲ, ಆ ಅಕ್ಕನ ಕೈಯನ್ನು.

ಆ ಮರಿಯ ಮೇಲೆ ನಾನು ಕಣ್ಣಿಟ್ಟೆ. ಚರ್ಮ ಬಿಚ್ಚಿದ ದಿನ ಉಸಿರು ಬಿಗಿಹಿಡಿದು ನೋಡಿದೆ. ಕುರಿ ಒಮ್ಮೆ ಮೂಸಿ, ಬರಿಮೈಯ ಮರಿಯನ್ನು ನೆಕ್ಕತೊಡಗಿತು. ನನಗೆ ಖುಷಿಯಿಂದ ಅಳುವೇ ಬಂತು. ಇಷ್ಟು ದಿನ ಜೊತೆಗಿದ್ದ ನನ್ನ ಮೈಗೂ ಚಿನಕುರುಳಿಯ ವಾಸನೆ ಅಂಟಿರಬೇಕಲ್ಲ ಎಂದು ಲೆಕ್ಕ ಹಾಕಿದೆ. ಕುರಿಗಿರುವ ಬುದ್ಧಿ ಮನುಷ್ಯರಿಗೂ ಇರುತ್ತದೆ ಎಂದು ನಂಬುವಷ್ಟು ಪೆದ್ದಿ ನಾನು.

ಮಾರನೆಯ ಬೆಳಗ್ಗೆ ಸ್ವೆಟರ್ ಮಡಿಸಿಟ್ಟು, ಅಮ್ಮ ಹೊಲಿದುಕೊಟ್ಟಿದ್ದ ಫ್ರಾಕಿನಲ್ಲೇ ಬೇಲಿಯ ಹತ್ತಿರ ಹೋಗಿ ನಿಂತೆ. ಚಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು. ಅವಳು ಬಂದಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಏನಾದರೂ ಮಾತಾಡಿದರೆ ಉಳಿಯುತ್ತಾಳೆ ಅನ್ನಿಸಿತು. ಅಷ್ಟು ದಿನದಿಂದ ಒಳಗೆ ಕೂತಿದ್ದ ಮಾತೇ ಹೊರಗೆ ಬಂತು.

"ನಂಗೆ ನಮ್ಮಮ್ಮ ಬೇಕು ಕಣೇ."

ಅವಳು ಎರಡು ಹೆಜ್ಜೆ ಹಿಂದೆ ಸರಿದಳು. "ನಿನ್ ಧ್ವನಿ ಹೀಗಿದ್ಯಾ?" ಅಂದಳು. ಅವಳ ಮುಖ ಕಪ್ಪಿಟ್ಟಿತು. "ಅವಳದ್ದು ಹೀಗಿರ್ಲಿಲ್ಲ." ತಿರುಗಿ ಓಡಿಹೋದಳು.

ಆಮೇಲೆ ಬರಲಿಲ್ಲ. ಬೇಲಿಯ ಆಚೆ ಕೋಳಿಗಳ ಜೊತೆ ಮಾತಾಡುವುದು ಕೇಳಿಸುತ್ತಿತ್ತು. ದೊಡ್ಡಪ್ಪ, "ಯಾಕೆ, ಜಗಳಾನಾ? ಮಕ್ಕಳ ಜಗಳ ಉಂಡು ಮಲಗೋ ತನಕ," ಅಂದರು. ನಾನು ಉಂಡೆ, ಮಲಗಿದೆ, ಎದ್ದೆ, ಮತ್ತೆ ಉಂಡೆ. ಅಪ್ಪನೂ ಬರಲಿಲ್ಲ.

ಕೊನೆಗೆ ಒಂದು ಸಂಜೆ ಅವಳೇ ಬಂದಳು. ಕಣ್ಣು ಊದಿಕೊಂಡಿತ್ತು. ಬೇಲಿ ದಾಟದೆ ಅಲ್ಲಿಂದಲೇ ಕೇಳಿದಳು.

"ಅವಳ ಸ್ವೆಟರ್ ಹಾಕ್ಕೊಂಡು ಬರ್ತೀಯಾ? ಆದ್ರೆ ಮಾತಾಡ್ಬೇಡ, ಆಯ್ತಾ?"

ನಾನು ತಲೆಯಾಡಿಸಿದೆ. ಒಳಗೆ ಹೋಗಿ ಕುತ್ತಿಗೆಯವರೆಗೂ ಗುಂಡಿ ಹಾಕಿಕೊಂಡು ಬಂದೆ. ಆಗ ಅವಳು ಬೇಲಿ ನುಸುಳಿ ಬಂದು ನನ್ನ ಕೈ ಹಿಡಿದಳು.

"ಎಷ್ಟು ದಿನ ಆಯ್ತೇ ನಿನ್ನ ನೋಡಿ," ಅಂದಳು.

ಅವಳ ಕೈ ಬೆಚ್ಚಗಿತ್ತು. ನಾನು ಬಾಯಿ ಬಿಡಲಿಲ್ಲ.